ದೋಣಿಯ ಅಲೆಯನ್ನು ಅಳೆಯದೆ ಬೋರ್ಡು ಕೊಳ್ಳಬೇಡ ಎಂದೆ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಮಾನಿಕೆರೆಯ ಕಡೆ ಎಂದಿನಂತೆ ನಡೆದು ಬಂದು ಕಾಫಿಗೆ ಕೂತಾಗ, ಅಮೆರಿಕದ ಆಸ್ಟಿನ್‌ನಲ್ಲಿರುವ ಅಕ್ಕನ ಮಗ ನನ್ನ ಫೋನಿಗೆ ಮೂರು ಫೋಟೋ ಕಳಿಸಿದ್ದ. ಅಂಗಡಿಯ ಗೋಡೆಗೆ ಒರಗಿಸಿ ನಿಲ್ಲಿಸಿದ ಮೂರು ವೇಕ್‌ಸರ್ಫ್ ಬೋರ್ಡುಗಳು: ಒಂದು 4 ಅಡಿ 4 ಅಂಗುಲದ್ದು, ತೆಳ್ಳಗೆ, ಕಪ್ಪು ಮತ್ತು ಕಿತ್ತಳೆ ಬಣ್ಣದ್ದು, ಇನ್ನೊಂದು 5 ಅಡಿ 2 ಅಂಗುಲದ್ದು, ಮೂರನೆಯದು 5 ಅಡಿ 8 ಅಂಗುಲ ಉದ್ದದ, ಹಳೇ ಮನೆಯ ಬಾಗಿಲಿನಂತೆ ದಪ್ಪಗಿದ್ದ ಬೋರ್ಡು. ‘ಮಾವ, ಯಾವುದು ತಗೊಳ್ಳಲಿ? ರಿಯಾಯಿತಿ ನಾಳೆ ಸಂಜೆಗೆ ಮುಗಿಯುತ್ತಂತೆ’ ಎಂದು ಕೆಳಗೆ ಬರೆದಿದ್ದ. ಅವನ ಕಣ್ಣು ಯಾವುದರ ಮೇಲಿತ್ತು ಎಂಬುದು ಕೇಳದೆಯೇ ಗೊತ್ತಾಗುವಂತಿತ್ತು, ಏಕೆಂದರೆ ಕಿತ್ತಳೆ ಬಣ್ಣದ್ದನ್ನು ಮಾತ್ರ ಎರಡು ಕೋನದಿಂದ ತೆಗೆದಿದ್ದ. ನಾನು ಬೋರ್ಡಿನ ಬಗ್ಗೆ ಏನೂ ಹೇಳದೆ, ಮೊದಲು ನಿನ್ನ ದೋಣಿ ಎಬ್ಬಿಸುವ ಅಲೆಯ ವಿಡಿಯೊ ಕಳಿಸು ಎಂದು ಉತ್ತರಿಸಿದೆ.

ತುಮಕೂರಿಗೆ ಮರಳುವ ಮುಂಚೆ ನಾನು ಅದೇ ಆಸ್ಟಿನ್‌ನಲ್ಲಿ ಒಂಬತ್ತು ವರ್ಷ ಇದ್ದೆ. ಊರಿನ ಪಶ್ಚಿಮಕ್ಕೆ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟಿನ ಹಿಂದೆ ಹರಡಿರುವ ಲೇಕ್ ಟ್ರಾವಿಸ್ ಜಲಾಶಯದಲ್ಲಿ, ಇಬ್ಬರು ಗೆಳೆಯರ ಜೊತೆ ಪಾಲಿನಲ್ಲಿ ಕೊಂಡ ಹಳೆಯ ದೋಣಿಯೊಂದನ್ನು ಇಟ್ಟುಕೊಂಡು, ಬೇಸಿಗೆಯ ಬಹುತೇಕ ಶನಿವಾರಗಳನ್ನು ನೀರಿನಲ್ಲೇ ಕಳೆದವನು. ಈ ಆಟವನ್ನು ನೋಡದವರಿಗಾಗಿ ಎರಡು ಮಾತು: ದೋಣಿಯು ಗಂಟೆಗೆ 10ರಿಂದ 12 ಮೈಲಿ, ಅಂದರೆ ಸುಮಾರು 16ರಿಂದ 19 ಕಿಲೋಮೀಟರ್ ವೇಗದಲ್ಲಿ ನೀರನ್ನು ಉಳುತ್ತಾ ಹೋಗುವಾಗ ಅದರ ಹಿಂದೆ ಒಂದು ಅಲೆ ಏಳುತ್ತದೆ, ಸವಾರನು ಮೋಟು ಹಗ್ಗವೊಂದನ್ನು ಹಿಡಿದು ಬೋರ್ಡಿನ ಮೇಲೆ ಎದ್ದು ನಿಂತು, ಅಲೆ ತನ್ನನ್ನು ನೂಕತೊಡಗಿದ ಮೇಲೆ ಹಗ್ಗವನ್ನು ಬಿಟ್ಟು, ದೋಣಿಯ ಬೆನ್ನ ಹಿಂದೆಯೇ ಸವಾರಿ ಮುಂದುವರಿಸುತ್ತಾನೆ. ಪ್ರೊಪೆಲರ್‌ ದೋಣಿಯ ಹೊಟ್ಟೆಯ ಕೆಳಗೆ ಮುಂದಕ್ಕೆ ಅಡಗಿರುವ ಇನ್‌ಬೋರ್ಡ್ ದೋಣಿಗಳಲ್ಲಿ ಮಾತ್ರ ಇದನ್ನು ಆಡಬೇಕು. ಪ್ರೊಪೆಲರ್ ಹಿಂಬದಿಗೆ ಚಾಚಿಕೊಂಡಿರುವ ಔಟ್‌ಬೋರ್ಡ್ ಮತ್ತು ಸಾಮಾನ್ಯ ಸ್ಟರ್ನ್‌ಡ್ರೈವ್ ದೋಣಿಗಳ ಹಿಂದೆ ಅಷ್ಟು ಹತ್ತಿರ ನಿಲ್ಲುವುದು ಪ್ರಾಣದೊಂದಿಗೆ ಆಡುವುದೇ ಸರಿ. ಈ ಒಂದು ವಿಷಯದಲ್ಲಿ ಬೋರ್ಡು ಎಷ್ಟೇ ಒಳ್ಳೆಯದಿದ್ದರೂ ಉಪಯೋಗವಿಲ್ಲ.

ಅಂಗಡಿಗಳಲ್ಲಿ ಒಂದು ಪಟ್ಟಿ ಇರುತ್ತದೆ. ನಿಮ್ಮ ತೂಕ ಇಷ್ಟಿದ್ದರೆ ಬೋರ್ಡಿನ ಉದ್ದ ಇಷ್ಟಿರಲಿ ಎಂದು ಅದು ಹೇಳುತ್ತದೆ. ಪಟ್ಟಿ ಸುಳ್ಳೇನೂ ಅಲ್ಲ, ಆದರೆ ಅರ್ಧ ಮಾತು. ಅದನ್ನು ಬರೆದವರ ಮನಸ್ಸಿನಲ್ಲಿ ಒಂದು ಅಲೆ ಇರುತ್ತದೆ, ಸಾಮಾನ್ಯವಾಗಿ ಹೊಸ ದೋಣಿಯೊಂದು ಭಾರಕ್ಕೆಂದೇ ಇರುವ ನೀರಿನ ಟ್ಯಾಂಕು ತುಂಬಿಕೊಂಡು ಎಬ್ಬಿಸುವ ದೊಡ್ಡ ಅಲೆ. ಆ ಅಲೆ ನಿಮ್ಮದಲ್ಲದಿದ್ದರೆ ಪಟ್ಟಿಯ ಸಂಖ್ಯೆಯೂ ನಿಮ್ಮದಲ್ಲ. ಎಂಬತ್ತು ಕಿಲೋ ತೂಕದ ಒಬ್ಬನೇ ಮನುಷ್ಯನಿಗೆ ಒಂದು ದೋಣಿಯ ಹಿಂದೆ ನಾಲ್ಕೂವರೆ ಅಡಿಯ ಬೋರ್ಡು ಸಾಕಾಗಬಹುದು, ಮತ್ತೊಂದರ ಹಿಂದೆ ಐದೂವರೆ ಅಡಿಯದೂ ಕೊರತೆ ಎನಿಸಬಹುದು.

ಕಾರಣ ಸರಳವಾಗಿದೆ. ಹಗ್ಗ ಬಿಟ್ಟ ಮೇಲೆ ಸವಾರನನ್ನು ಮುಂದಕ್ಕೆ ಒಯ್ಯುವುದು ದೋಣಿಯ ಎಂಜಿನ್ ಅಲ್ಲ, ಅಲೆಯ ಇಳಿಜಾರು. ದೇವರಾಯನದುರ್ಗದ ಬೆಟ್ಟದ ರಸ್ತೆಯಲ್ಲಿ ಪೆಡಲ್ ತುಳಿಯದೆ ಸೈಕಲ್ಲಿನಲ್ಲಿ ಇಳಿದವರಿಗೆ ಈ ಬಲದ ಪರಿಚಯವಿದೆ. ವ್ಯತ್ಯಾಸವೆಂದರೆ ಇಲ್ಲಿ ನೀರು ಕೆಳಗಿನಿಂದ ಏರುತ್ತಲೇ ಇರುವುದರಿಂದ ಬೆಟ್ಟ ಮುಗಿಯುವುದಿಲ್ಲ. ಲೆಕ್ಕ ಹಾಕಿದರೆ, 84 ಕಿಲೋ ತೂಕದ ನಾನು 15 ಡಿಗ್ರಿ ಇಳಿಜಾರಿನ ಮೇಲೆ ನಿಂತಾಗ ನನ್ನನ್ನು ಮುಂದಕ್ಕೆ ಎಳೆಯುವ ಬಲ ಸ್ಥೂಲವಾಗಿ 22 ಕಿಲೋ ತೂಕದಷ್ಟು. ಇಳಿಜಾರು 10 ಡಿಗ್ರಿಗೆ ಇಳಿದರೆ ಅದೇ ಬಲ 15 ಕಿಲೋಗೂ ಕಡಿಮೆಯಾಗುತ್ತದೆ. ನೀರು ಬೋರ್ಡನ್ನು ಹಿಂದಕ್ಕೆ ಹಿಡಿಯುವ ಬಲ ಇದಕ್ಕಿಂತ ಹೆಚ್ಚಾದರೆ ಸವಾರ ಹಿಂದೆ ಬೀಳುತ್ತಾನೆ, ಕಡಿಮೆಯಾದರೆ ದೋಣಿಯ ಕಡೆಗೆ ಜಾರುತ್ತಾನೆ. ಹಾಗಾಗಿ ಅಲೆ ಕೊಡುವ ನೂಕಿಗೂ ಬೋರ್ಡು ತಿನ್ನುವ ನೂಕಿಗೂ ಹೊಂದಿಕೆ ಮಾಡುವುದೇ ಬೋರ್ಡಿನ ಆಯ್ಕೆ. ಭಾರದ ಸವಾರನಿಗೆ ಇಳಿಜಾರಿನ ಬಲ ಹೆಚ್ಚು ಸಿಗುವುದು ನಿಜ, ಆದರೆ ಅವನು ಬೋರ್ಡನ್ನು ನೀರಿಗೆ ಹೆಚ್ಚು ಒತ್ತುವುದರಿಂದ ತಡೆಯೂ ಹೆಚ್ಚುತ್ತದೆ. ಗೆಲ್ಲುವುದು ಸಾಮಾನ್ಯವಾಗಿ ತಡೆಯೇ.

ಇದನ್ನು ನಾನು ಪುಸ್ತಕ ಓದಿ ಕಲಿತೆನೆಂದು ಹೇಳಿಕೊಳ್ಳಲಾರೆ. ಮೊದಲ ವರ್ಷ ನಾನೂ ಅಳಿಯನ ಹಾಗೆಯೇ ಬಣ್ಣಕ್ಕೆ ಮರುಳಾಗಿ 4 ಅಡಿ 4 ಅಂಗುಲದ, ತೆಳು ಅಂಚಿನ, ತಳದಲ್ಲಿ ಮೀನಿನ ಈಜುರೆಕ್ಕೆಯಂಥ ಪುಟ್ಟ ಫಿನ್‌ಗಳಿರುವ ಬೋರ್ಡೊಂದನ್ನು ತಂದೆ. ನಮ್ಮ ದೋಣಿಗೆ ಅಲೆಯನ್ನು ರೂಪಿಸುವ ಗೇಟುಗಳಿರಲಿಲ್ಲ. ಎಡಗಡೆಯ ಹಿಂಬದಿಯ ಮೂಲೆಯಲ್ಲಿ ನೀರು ತುಂಬಿದ ಚೀಲವೊಂದನ್ನಿಟ್ಟು ದೋಣಿಯನ್ನು ಒಂದು ಪಕ್ಕಕ್ಕೆ ವಾಲಿಸಿ ಅಲೆ ಎಬ್ಬಿಸುತ್ತಿದ್ದೆವು. ಹಗ್ಗ ಹಿಡಿದಿರುವಷ್ಟು ಹೊತ್ತು ಎಲ್ಲವೂ ಚೆನ್ನಾಗಿರುತ್ತಿತ್ತು, ಹಗ್ಗ ಸಡಿಲ ಬಿಟ್ಟ ಎರಡನೆಯ ಸೆಕೆಂಡಿಗೆ ಬೋರ್ಡಿನ ಬಾಲ ನೀರಿನಲ್ಲಿ ಕುಸಿದು, ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತೆ ನಾನು ಅಲೆಯಿಂದ ಕಳಚಿಕೊಳ್ಳುತ್ತಿದ್ದೆ. ಇಡೀ ಬೇಸಿಗೆ ನನ್ನ ಕಾಲಿನ ದೋಷ ಎಂದೇ ನಂಬಿದ್ದೆ. ಕೊನೆಗೆ ಗೆಳೆಯನ ಹದಿಮೂರು ವರ್ಷದ ಮಗಳು, ನಲವತ್ತೈದು ಕಿಲೋ ಇದ್ದಿರಬಹುದು, ಅದೇ ಬೋರ್ಡಿನ ಮೇಲೆ ನಿಂತು ನಿಮಿಷಗಟ್ಟಲೆ ನಗುತ್ತಾ ಸವಾರಿ ಮಾಡಿದಾಗಲೇ ನನಗೆ ವಿಷಯ ಹೊಳೆದದ್ದು.

ಮರುವರ್ಷ ನಾನು ಅತ್ತ ಕಡೆಗೆ ಅತಿರೇಕಕ್ಕೆ ಹೋದೆ. 5 ಅಡಿ 8 ಅಂಗುಲದ, ದಪ್ಪಗಿನ, ಬಹುತೇಕ ಚಪ್ಪಟೆಯ ಬೋರ್ಡು ತಂದೆ. ನಮ್ಮ ಬಡಪಾಯಿ ಅಲೆಗೆ ಅದು ಹೇಳಿಮಾಡಿಸಿದಂತಿತ್ತು. ಆದರೆ ಪರಿಚಯದವರೊಬ್ಬರು ಗೇಟುಗಳಿರುವ ತಮ್ಮ ಹೊಸ ದೋಣಿಗೆ ಕರೆದ ದಿನ ಅದೇ ಬೋರ್ಡನ್ನು ಹೆಮ್ಮೆಯಿಂದ ಹೊತ್ತುಕೊಂಡು ಹೋಗಿ ನಗೆಪಾಟಲಾದೆ. ಅಲ್ಲಿನ ಅಲೆ ಸೊಂಟದೆತ್ತರ, ಕಡಿದಾದ ಇಳಿಜಾರು. ನನ್ನ ಬೋರ್ಡು ಅದರ ಮೇಲಿಂದ ನೆಟ್ಟಗೆ ಕೆಳಗೆ ಜಾರಿ, ಮೂತಿಯನ್ನು ಅಲೆಯ ತಗ್ಗಿಗೆ ಚುಚ್ಚಿಕೊಂಡು ನನ್ನನ್ನು ಮುಂದಕ್ಕೆ ಎಸೆಯಿತು. ನಾಲ್ಕು ಬಾರಿ ಎಸೆಯಿತು. ಉಳಿದ ಹೊತ್ತು ಹಿಂಗಾಲಿನ ಮೇಲೆ ಇಡೀ ಭಾರ ಹಾಕಿ ಬ್ರೇಕ್ ಒತ್ತಿ ನಿಂತಂತೆ ನಿಂತೆ, ತಿರುಗಿಸುವುದಕ್ಕೂ ಆಗದೆ, ಬಿಡುವುದಕ್ಕೂ ಆಗದೆ. ಎರಡು ಬೋರ್ಡುಗಳೂ ಒಳ್ಳೆಯವೇ ಆಗಿದ್ದವು, ಅವುಗಳನ್ನು ಇಳಿಸಿದ ನೀರು ಬೇರೆಯಾಗಿತ್ತು.

ಹಾಗಾದರೆ ಅಲೆಯನ್ನು ಓದುವುದು ಹೇಗೆ? ಮೊದಲು ವೇಗದ ಮಾತು. ಆಳವಾದ ನೀರಿನಲ್ಲಿ ದೋಣಿಯ ಜೊತೆಜೊತೆಗೇ ಸಾಗುವ ಅಲೆಯ ಉದ್ದ, ಅಂದರೆ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರ, ದೋಣಿಯ ವೇಗದ ವರ್ಗವನ್ನು ಅನುಸರಿಸುತ್ತದೆ. ಗಂಟೆಗೆ 10 ಮೈಲಿಯಲ್ಲಿ ಆ ದೂರ ಸುಮಾರು 13 ಮೀಟರ್, 12 ಮೈಲಿಯಲ್ಲಿ 18 ಮೀಟರ್ ಮೀರುತ್ತದೆ. ವೇಗ ಐದರಲ್ಲೊಂದು ಪಾಲು ಏರಿದರೆ ಉದ್ದ ನೂರಕ್ಕೆ ನಲವತ್ತನಾಲ್ಕರಷ್ಟು ಏರುತ್ತದೆ. ದೋಣಿಯ ಹಿಂದೆ ನಾವು ನಿಲ್ಲುವ ಮಡಚಿದ ಅಲೆ ಈ ಸೂತ್ರದಷ್ಟು ಶುದ್ಧವಾಗಿರುವುದಿಲ್ಲ. ಒಡಲಿನ ಆಕಾರ, ಭಾರ, ಎರಡು ಬದಿಯ ನೀರಿನ ಕೂಡುವಿಕೆ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಆದರೂ ಚಾಲಕನು ಅರ್ಧ ಮೈಲಿ ವೇಗ ಹೆಚ್ಚಿಸಿದ ಮಾತ್ರಕ್ಕೆ ಅಲೆ ಏಕೆ ಹಾಗೆ ಹಿಗ್ಗಿ ಮಟ್ಟಸವಾಗುತ್ತದೆ, ಅರ್ಧ ಮೈಲಿ ಇಳಿಸಿದರೆ ಏಕೆ ಗಿಡ್ಡವಾಗಿ ಕಡಿದಾಗುತ್ತದೆ ಎಂಬುದಕ್ಕೆ ಇದೇ ಮೂಲ. ಬೋರ್ಡಿಗೆ ನೂರಾರು ಡಾಲರ್ ಸುರಿಯುವ ಮುಂಚೆ ವೇಗದ ಗುಂಡಿಯನ್ನು ಮೈಲಿಯ ಹತ್ತನೇ ಒಂದು ಭಾಗದಷ್ಟು ಅತ್ತಿತ್ತ ಆಡಿಸಿ ನೋಡುವುದಕ್ಕೆ ಖರ್ಚಿಲ್ಲ.

ಆಮೇಲೆ ಭಾರ. ಹಿಂಬದಿಯಲ್ಲಿ ಭಾರ ಹೆಚ್ಚಿದಷ್ಟೂ ಅಲೆ ಎತ್ತರವಾಗಿ, ಕಡಿದಾಗಿ, ಗಿಡ್ಡವಾಗಿ ಏಳುತ್ತದೆ. ಸ್ವಲ್ಪ ಭಾರವನ್ನು ಮೂತಿಯ ಕಡೆಗೆ ಸರಿಸಿದರೆ ಎತ್ತರ ತುಸು ತಗ್ಗಿ ಉದ್ದ ಬೆಳೆಯುತ್ತದೆ. ಈಗಿನ ದೋಣಿಗಳ ಗೇಟುಗಳು ಮಾಡುವ ಕೆಲಸ ಇನ್ನೊಂದು ಬಗೆಯದು. ದೋಣಿ ಹಾದುಹೋದ ಜಾಗದ ಗುಂಡಿಯನ್ನು ತುಂಬಲು ಎಡ ಬಲ ಎರಡೂ ಕಡೆಯಿಂದ ನೀರು ನುಗ್ಗುತ್ತದಲ್ಲವೇ, ಬಲಗಡೆಯ ರೆಕ್ಕೆಯನ್ನು ಹೊರಚಾಚಿ ಆ ಬದಿಯ ನೀರನ್ನು ಒಂದಿಷ್ಟು ತಡಮಾಡಿದರೆ ಎಡಗಡೆಯ ಅಲೆ ಕಲಕದೆ ಶುಭ್ರವಾಗಿ ಏಳುತ್ತದೆ. ಎರಡು ಕಾಲುವೆಗಳು ಕೂಡುವಲ್ಲಿ ಒಂದರ ಬಾಯಿಗೆ ಕಲ್ಲಿಟ್ಟು ನೋಡಿದವರಿಗೆ ಇದು ಹೊಸತಲ್ಲ. ಗೇಟು ಇಲ್ಲದ ದೋಣಿಗಳಿಗೆ ಹೀರುಬಟ್ಟಲುಗಳಿಂದ ಪಕ್ಕಕ್ಕೆ ಅಂಟಿಸುವ ರೆಕ್ಕೆಗಳು ಸಿಗುತ್ತವೆ, ಅವನ್ನೂ ಸವಾರಿಯ ಎದುರು ಬದಿಗೇ ಅಂಟಿಸಬೇಕು. ಎಡಗಾಲು ಮುಂದಿಟ್ಟು ನಿಲ್ಲುವವರಿಗೆ ಎಡಬದಿಯ ಅಲೆ, ಬಲಗಾಲು ಮುಂದಿಡುವವರಿಗೆ ಬಲಬದಿಯ ಅಲೆ ಒಗ್ಗುತ್ತದೆ. ಪ್ರೊಪೆಲರ್ ಒಂದೇ ದಿಕ್ಕಿಗೆ ಸುತ್ತುವುದರಿಂದ ಹಳೆಯ ದೋಣಿಗಳಲ್ಲಿ ಎರಡು ಬದಿಯ ಅಲೆಗಳೂ ಒಂದೇ ಸಮ ಇರುವುದು ಅಪರೂಪ, ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ದೋಣಿಯಲ್ಲಿ ಕೂತ ಜನವೂ ಭಾರವೇ ಎಂಬುದನ್ನು ಮರೆಯಬಾರದು. ಒಂದು ಬೇಸಿಗೆ ತುಮಕೂರಿನಿಂದ ಬಂದಿದ್ದ ನಮ್ಮ ನೆಂಟರು ಆರು ಜನ, ದೋಣಿಯ ಎಡಗಡೆಗೆ ನೆರಳು ಬಿದ್ದಿತ್ತೆಂದು ಎಲ್ಲರೂ ಆ ಕಡೆಯೇ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ, ಆ ದೋಣಿ ತನ್ನ ಜೀವಮಾನದ ಅತ್ಯುತ್ತಮ ಅಲೆಯನ್ನು ಎಬ್ಬಿಸಿತು. ಸರಾಸರಿ 65 ಕಿಲೋ ಹಿಡಿದರೂ 390 ಕಿಲೋ; ನಮ್ಮಲ್ಲಿದ್ದ ದೊಡ್ಡ ನೀರಿನ ಚೀಲ ತುಂಬಿದರೂ 340 ಕಿಲೋ ಮಾತ್ರ. ಜನ, ನೀರು, ಸೀಸದ ಚೀಲ ಎಲ್ಲ ಸೇರಿ ದೋಣಿಯ ಮೇಲೆ ತಯಾರಕರು ನಮೂದಿಸಿದ ಮಿತಿಯೊಳಗಿರಬೇಕೆಂಬುದು ಬೇರೆ ಹೇಳಬೇಕಾದ ಮಾತಲ್ಲ. ಬೋರ್ಡಿನ ಆಯ್ಕೆಗೆ ಸಂಬಂಧಿಸಿದ ಮಾತೆಂದರೆ, ನೆಂಟರಿದ್ದ ದಿನದ ಅಲೆಗೆ ಬೋರ್ಡು ಕೊಂಡು ಇಬ್ಬರೇ ಹೋಗುವ ದಿನ ಪರದಾಡಬಾರದು. ಸಾಮಾನ್ಯವಾಗಿ ಎಷ್ಟು ಜನ ಹೋಗುತ್ತೀರೋ ಅಷ್ಟೇ ಜನರನ್ನು ಕೂರಿಸಿ ಅಳತೆ ಮಾಡಬೇಕು.

ಅಳತೆಗೆ ನಾನು ರೂಢಿಸಿಕೊಂಡ ಕ್ರಮ ಅಗ್ಗದ್ದು. ಹಗ್ಗಕ್ಕೆ ಹಿಡಿಯ ಕಡೆಯಿಂದ ಅಡಿಗೊಂದರಂತೆ ಬಣ್ಣದ ಟೇಪು ಸುತ್ತಬೇಕು. ಯಾರಿಂದಲಾದರೂ ಎರವಲು ತಂದ ಮಧ್ಯಮ ಗಾತ್ರದ ಬೋರ್ಡಿನ ಮೇಲೆ ನಿಂತು, ಹಗ್ಗ ಸಡಿಲವಾಗಿ ಜೋತುಬೀಳುವ ಜಾಗವನ್ನು ಮೊದಲು ಹುಡುಕಬೇಕು. ಅಲ್ಲಿಂದ ಮೆಲ್ಲಗೆ ಹಿಂದಕ್ಕೆ ಸರಿಯುತ್ತಾ, ಹಗ್ಗವನ್ನು ಎಳೆದುಕೊಳ್ಳದೆ, ಬರೇ ಮುಂಗಾಲಿನ ಭಾರದಿಂದ ಮತ್ತೆ ಮುಂದಕ್ಕೆ ಬರಲು ಸಾಧ್ಯವಿರುವ ಅತಿ ದೂರದ ಜಾಗ ಯಾವುದೆಂದು ನೋಡಬೇಕು. ದೋಣಿಯಲ್ಲಿ ಕೂತವರೊಬ್ಬರು ಟೇಪುಗಳನ್ನು ಎಣಿಸಿ ಬರೆದುಕೊಳ್ಳಬೇಕು. ಮುಂದಿನ ಗಡಿಗೂ ಹಿಂದಿನ ಗಡಿಗೂ ನಡುವಿನ ಅಂತರವೇ ಅಲೆಯು ನಿಮ್ಮನ್ನು ಹಿಡಿದಿಟ್ಟುಕೊಳ್ಳುವ ಜಾಗ. ಅಲ್ಲಿನವರು ಇದನ್ನು ಪಾಕೆಟ್ ಎನ್ನುತ್ತಾರೆ, ನನಗೆ ಮಡಿಲು ಎನ್ನುವುದು ಹೆಚ್ಚು ಹಿಡಿಸುತ್ತದೆ. ಒಂದೇ ಓಟದ ಸಂಖ್ಯೆಯನ್ನು ನಂಬದೆ, ಹೋಗುವಾಗ ಬರುವಾಗ ಎರಡೂ ದಿಕ್ಕಿನಲ್ಲಿ, ಗಾಳಿ ಕಡಿಮೆಯಿರುವ ಮುಂಜಾನೆ, ದಡದಿಂದ ದೂರ, ಆಳವಿರುವ ಕಡೆ ಮೂರು ನಾಲ್ಕು ಬಾರಿ ಅಳೆಯಬೇಕು. ನೀರು ಕಿರುಆಳವಾದರೆ ಅಲೆಯ ಆಕಾರವೇ ಬದಲಾಗುತ್ತದೆ. ಹಗ್ಗವನ್ನು ಮಾತ್ರ ಎಂದಿಗೂ ಕೈಗೆ ಸುತ್ತಿಕೊಳ್ಳಬಾರದು.

ಈಗ ಬೋರ್ಡಿಗೆ ಬರೋಣ. ಮಡಿಲು ಏಳು ಅಡಿಯಿದ್ದು ಬೋರ್ಡು ಐದೂವರೆ ಅಡಿಯಿದ್ದರೆ ಓಡಾಡಲು ಉಳಿಯುವುದು ಒಂದೂವರೆ ಅಡಿ. ನಾಲ್ಕೂವರೆ ಅಡಿಯ ಬೋರ್ಡಾದರೆ ಎರಡೂವರೆ ಅಡಿ. ಹಾಗಾಗಿ ಗಿಡ್ಡ ಅಲೆಗೆ ಉದ್ದದ ಬೋರ್ಡು ತಂದರೆ ನೂಕು ಸಿಕ್ಕರೂ ಆಟ ಸಿಗುವುದಿಲ್ಲ. ನೂಕು ಕಡಿಮೆಯಿರುವ ಅಲೆಗೆ ಉದ್ದವನ್ನು ಹೆಚ್ಚಿಸುವುದಕ್ಕಿಂತ ಅಗಲವನ್ನು, ಅದರಲ್ಲೂ ಬಾಲದ ಅಗಲವನ್ನು ಹೆಚ್ಚಿಸುವುದು ಜಾಣತನ, ಏಕೆಂದರೆ ಅಲೆಯ ಅತ್ಯಂತ ಕಡಿದಾದ ಭಾಗದ ಮೇಲೆ ಕೂರುವುದು ಬಾಲ; ಅದು ಅಗಲವಿದ್ದಷ್ಟೂ ನೀರು ಅದನ್ನು ಎತ್ತಿ ನೂಕುತ್ತದೆ. ಬಲವಾದ ಅಲೆಯಲ್ಲಿ ಇದೇ ಅಗಲ ಬಾಲ ತೊಡಕು, ಅಂಚನ್ನು ನೀರಿಗೆ ಊರಲು ಬಿಡುವುದಿಲ್ಲ. ಅಲ್ಲಿ ಕಿರಿದಾಗುತ್ತಾ ಹೋಗುವ ಬಾಲವೇ ಹಿಡಿತ ಕೊಡುತ್ತದೆ.

ಬೋರ್ಡಿನ ಗಾತ್ರವನ್ನು ಲೀಟರ್‌ನಲ್ಲಿ ಹೇಳುವುದು ಈಚೆಗೆ ರೂಢಿಯಾಗಿದೆ. ಮೂವತ್ತು ಲೀಟರ್ ಬೋರ್ಡು ಪೂರ್ತಿ ಮುಳುಗಿದರೂ ತನ್ನ ಭಾರ ಸೇರಿ ಹೊರುವುದು ಮೂವತ್ತೇ ಕಿಲೋ. ಉಳಿದ ಭಾರವನ್ನು ಹೊರುವುದು ಬೋರ್ಡಿನ ತಳಕ್ಕೆ ಬಡಿಯುವ ನೀರಿನ ವೇಗ. ಆದ್ದರಿಂದ ಲೀಟರ್‌ಗಳ ಮಹತ್ವ ತಿಳಿಯುವುದು ನಿಧಾನವಾದಾಗ, ತಪ್ಪಿ ಹಿಂದೆ ಬಿದ್ದಾಗ. ಗಾತ್ರವುಳ್ಳ ಬೋರ್ಡು ಆ ತಪ್ಪನ್ನು ಕ್ಷಮಿಸುತ್ತದೆ, ತೆಳು ಬೋರ್ಡು ಕ್ಷಮಿಸುವುದಿಲ್ಲ.

ಇವೆಲ್ಲಕ್ಕಿಂತ ಅಂಗಡಿಯಲ್ಲಿ ಜನ ಕಡೆಗಣಿಸುವ ಅಂಶವೆಂದರೆ ರಾಕರ್, ಅಂದರೆ ಬೋರ್ಡನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಿದಾಗ ಮೂತಿಯಿಂದ ಬಾಲದವರೆಗೆ ಕಾಣುವ ಬಾಗು. ನಮ್ಮೂರ ತೋಟಗಳಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡವರು ನೆನಪಿಸಿಕೊಳ್ಳಲಿ: ಮುಂದೆ ಚೆನ್ನಾಗಿ ಮೇಲೆದ್ದ ಹಾಳೆ ಮಣ್ಣಿಗೆ ಚುಚ್ಚಿಕೊಳ್ಳುತ್ತಿರಲಿಲ್ಲ, ಆದರೆ ಎಳೆಯುವವನ ಕೈ ಸೋಲುತ್ತಿತ್ತು; ಚಪ್ಪಟೆ ಹಾಳೆ ಸರಾಗವಾಗಿ ಬರುತ್ತಿತ್ತು, ಗುಂಡಿ ಸಿಕ್ಕಲ್ಲಿ ಮಾತ್ರ ಮೂತಿ ಚುಚ್ಚಿ ನಿಲ್ಲುತ್ತಿತ್ತು. ಬೋರ್ಡಿನ ಕಥೆಯೂ ಅದೇ. ಇಳಿಜಾರು ಕಡಿಮೆಯಿರುವ ಉದ್ದನೆಯ ಅಲೆಗೆ ಚಪ್ಪಟೆ ಬೋರ್ಡು ವೇಗ ಕೊಡುತ್ತದೆ. ಕಡಿದಾದ ಗಿಡ್ಡ ಅಲೆಯಲ್ಲಿ ಬೋರ್ಡಿನ ಬಾಗು ಅಲೆಯ ಬಾಗಿಗೆ ಹೊಂದಿಕೊಳ್ಳದಿದ್ದರೆ ನನ್ನ ಹಾಗೆ ನಾಲ್ಕು ಬಾರಿ ತಲೆಕೆಳಗಾಗಿ ಬೀಳಬೇಕಾಗುತ್ತದೆ. ತೂಕದ ಪಟ್ಟಿಯಲ್ಲಿ ಈ ಬಾಗಿಗೆ ಒಂದು ಕಾಲಮ್ಮೂ ಇರುವುದಿಲ್ಲವೆಂಬುದು ನನಗೆ ಈಗಲೂ ಆಶ್ಚರ್ಯ.

ಮೂಲ್ಕಿಯಲ್ಲಿ ಕಡಲ ಸರ್ಫಿಂಗ್ ಕಲಿತು ಬಂದ ಇಲ್ಲಿನ ಹುಡುಗರಿಬ್ಬರು, ಕಡಲಿನ ಬೋರ್ಡನ್ನೇ ದೋಣಿಯ ಹಿಂದೆ ಬಳಸಬಹುದಲ್ಲ ಎಂದು ಒಮ್ಮೆ ಕೇಳಿದ್ದರು. ಕಡಲಿನ ಬೋರ್ಡು ಉದ್ದವಾಗಿರುವುದು ಮುಖ್ಯವಾಗಿ ಕೈಯಿಂದ ಹುಟ್ಟು ಹಾಕಿ ಅಲೆಯನ್ನು ಹಿಡಿಯುವುದಕ್ಕಾಗಿ. ದೋಣಿಯ ಹಿಂದೆ ಆ ಕೆಲಸವನ್ನು ಹಗ್ಗ ಮಾಡುತ್ತದೆ, ಆ ಹೆಚ್ಚುವರಿ ಉದ್ದ ಮಡಿಲಿನ ಆಚೆ ಚಾಚಿಕೊಂಡು ತೊಂದರೆ ಕೊಡುತ್ತದೆ. ಸಿಹಿನೀರು ಕಡಿಮೆ ತೇಲಿಸುತ್ತದೆ ಎಂಬ ಮಾತು ನಿಜವಾದರೂ ವ್ಯತ್ಯಾಸ ನೂರಕ್ಕೆ ಎರಡೂವರೆಯಷ್ಟು; ನಲವತ್ತು ಲೀಟರ್ ಬೋರ್ಡಿಗೆ ಒಂದು ಕಿಲೋ. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಫಿನ್‌ಗಳ ಬಗ್ಗೆ ಜನ ಗಂಟೆಗಟ್ಟಲೆ ಚರ್ಚಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ಬೋರ್ಡಿಗೆ ಮೂರು ಫಿನ್ ಸಾಕು, ತೆಗೆದು ಹಾಕುವಂತಿದ್ದರೆ ಒಳ್ಳೆಯದು. ದೊಡ್ಡ ಫಿನ್‌ಗಳ ದಪ್ಪ ಬೋರ್ಡುಗಳು ಅಲೆಯನ್ನು ಏರಿ ಇಳಿಯುವವರಿಗೆ, ಪುಟ್ಟ ಫಿನ್‌ಗಳ ತೆಳು ಸ್ಕಿಮ್ ಬೋರ್ಡುಗಳು ನಿಂತಲ್ಲೇ ಸುತ್ತು ತಿರುಗುವವರಿಗೆ. ಎರಡನೆಯ ಬಗೆಗೆ ಅಲೆಯಲ್ಲಿ ನೂಕು ಧಾರಾಳವಾಗಿರಲೇಬೇಕು. ಅಚ್ಚಿನಲ್ಲಿ ಒತ್ತಿ ಮಾಡಿದ ಬೋರ್ಡು ಭಾರವಾದರೂ ಏಟು ತಡೆಯುತ್ತದೆ, ಕಾರ್ಬನ್ನಿನದು ಹಗುರವಾಗಿದ್ದು ಜೇಬಿಗೂ ಏಟು ಕೊಡುತ್ತದೆ.

ಅಳಿಯ ವಿಡಿಯೊ ಕಳಿಸಿದ. ಪಾಲುದಾರರು ಮೂವರು: ಇವನು 78 ಕಿಲೋ, ಒಬ್ಬ ಗೆಳತಿ 62, ಇನ್ನೊಬ್ಬ ಗೆಳೆಯ 95. ಗೇಟಿಲ್ಲದ, ಅಂಟಿಸುವ ರೆಕ್ಕೆಯ ದೋಣಿ. ಎಲ್ಲ ಭಾರವನ್ನೂ ಹಿಂಬದಿಗೆ ಒಟ್ಟಿದ್ದರು. ಅಲೆ ಎತ್ತರವಾಗಿಯೇ ಇತ್ತು, ಆದರೆ ಟೇಪು ಸುತ್ತಿ ಅಳೆದಾಗ ಮಡಿಲು ಐದು ಅಡಿಯಷ್ಟೇ ಎಂದ. ಅಷ್ಟರೊಳಗೆ ಅಂಗಡಿಯ ರಿಯಾಯಿತಿ ಮುಗಿದಿತ್ತು, ಅಕ್ಕ ಫೋನ್ ಮಾಡಿ ‘ಹುಡುಗನಿಗೆ ಸುಮ್ಮನೆ ಒಂದು ಹೇಳಬಾರದೇನೋ’ ಎಂದು ಬೈದದ್ದೂ ಆಗಿತ್ತು. ಒಂದು ನೀರಿನ ಚೀಲವನ್ನು ಮೂತಿಗೆ ಸಾಗಿಸಿ, ವೇಗವನ್ನು 10.4ರಿಂದ 11 ಮೈಲಿಗೆ ಏರಿಸು ಎಂದೆ. ಮುಂದಿನ ಶನಿವಾರ ಮಡಿಲು ಏಳು ಅಡಿಗೆ ಬೆಳೆಯಿತು, ಎತ್ತರ ಮಾತ್ರ ಒಂದು ಗೇಣು ತಗ್ಗಿತು.

ಅಂಥ ಅಲೆಗೆ, ಅಂಥ ಮೂವರಿಗೆ, ಕಿತ್ತಳೆ ಬೋರ್ಡು ಗೆಳತಿಯೊಬ್ಬಳ ಆಟಿಕೆಯಾಗುತ್ತಿತ್ತು. ಪಟ್ಟಿಯನ್ನು ನಂಬಿದ್ದರೆ 95 ಕಿಲೋ ಗೆಳೆಯನಿಗಾಗಿ 5 ಅಡಿ 8 ಅಂಗುಲದ್ದನ್ನೇ ತರಬೇಕಿತ್ತು, ಆಗ ಓಡಾಡಲು ಒಂದೂವರೆ ಅಡಿಯೂ ಉಳಿಯುತ್ತಿರಲಿಲ್ಲ. ನಡುವಿನದರ ಬಾಲದ ಅಗಲವನ್ನೂ ಬಾಗನ್ನೂ ಫೋಟೋದಲ್ಲಿ ನೋಡಿ, ಅಗಲ ಬಾಲ, ಕಡಿಮೆ ಬಾಗು, ಮೂರು ಫಿನ್ ಇರುವುದನ್ನು ಖಚಿತಪಡಿಸಿಕೊಂಡು, ಅದೇ ಅಳತೆಯ ಎರವಲು ಬೋರ್ಡಿನ ಮೇಲೆ ಮೊದಲು ಭಾರದ ಗೆಳೆಯನನ್ನು ನಿಲ್ಲಿಸಿ ನೋಡು ಎಂದೆ. ಹಗುರದವರು ದೊಡ್ಡ ಬೋರ್ಡಿನಲ್ಲಿ ಹೇಗೋ ನಿಭಾಯಿಸುತ್ತಾರೆ, ಭಾರದವರಿಗೆ ಚಿಕ್ಕದರಲ್ಲಿ ಆ ಅನುಕೂಲವಿಲ್ಲ. ಗೆಳೆಯ ಹಗ್ಗ ಬಿಟ್ಟು ನಲವತ್ತು ಸೆಕೆಂಡು ನಿಂತ ವಿಡಿಯೊ ಬಂತು. ಮರುದಿನವೇ 5 ಅಡಿ 2 ಅಂಗುಲದ್ದನ್ನು ಕೊಂಡರು, ರಿಯಾಯಿತಿಯಿಲ್ಲದೆ, ನಲವತ್ತು ಡಾಲರ್ ಹೆಚ್ಚು ಕೊಟ್ಟು. ಆ ನಲವತ್ತು ಡಾಲರನ್ನು ಅಳಿಯ ನನ್ನ ಲೆಕ್ಕಕ್ಕೆ ಬರೆದಿಟ್ಟಿದ್ದಾನೆ.